ಖಾಲಿ ಪುಟಕ್ಕೆ ಹಾಕಿದ ಗುರುತು

ಮೋಡ ಕವಿದರೆ ಹಾರ್ಡ್ ಡಿಸ್ಕಿಗೆ ಶೀತವಾದೀತೆಂದು ಟವೆಲ್ ಹೊದಿಸುವವನು ನಾನು. ಹಾಗಾಗಿ ಅಜ್ಜಂಪುರದ ಹುಡುಗಿ ಫೋನ್ ಮಾಡಿ, "ಸಾರ್, ನಿಮ್ ಪುಸ್ತಕ ಪುಟ ನುಂಗ್ತಾ ಐತೆ" ಎಂದಾಗ, ತಪ್ಪು ನನ್ನದೇ ಎಂದು ನಂಬಲು ಸಾಕ್ಷಿ ಬೇಕಾಗಲಿಲ್ಲ.

ಅವಳಿಗೆ ಕಣ್ಣು ಕಾಣುವುದಿಲ್ಲ, ಬಿ.ಎ. ಓದುತ್ತಿದ್ದಾಳೆ. ಅವಳಂಥವರಿಗಾಗಿ ನಾನು ಕಡೂರಿನ ಮನೆಯಲ್ಲಿ ಕೂತು ಮಾತಾಡುವ ಪುಸ್ತಕಗಳನ್ನು ಸಿದ್ಧಪಡಿಸುತ್ತೇನೆ. ದನಿ ತರೀಕೆರೆಯ ನನ್ನ ಗೆಳೆಯನದು. ಕಾಲೇಜಿನ ನಾಟಕಗಳಲ್ಲಿ ಅವನು ರಾಜ, ನಾನು ಪರದೆ ಎಳೆಯುವವನು. ಈಗಲೂ ಹೆಚ್ಚುಕಮ್ಮಿ ಹಾಗೇ. ಅವನು ತನ್ನ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪ್ರತಿ ಪುಟಕ್ಕೂ ಮೊದಲು ಅದರ ಸಂಖ್ಯೆ ಹೇಳಿ, ಓದಿ ಕಳಿಸುತ್ತಾನೆ. ಸಂಖ್ಯೆ ಕೇಳಿಸುವ ಜಾಗಕ್ಕೆ ನಾನು ಕಂಪ್ಯೂಟರಿನಲ್ಲಿ ಗುರುತು ಹಾಕುತ್ತೇನೆ. ಕೇಳುವವರು ಬೇಕಾದ ಸಂಖ್ಯೆ ಒತ್ತಿದರೆ ನೇರ ಆ ಪುಟಕ್ಕೆ ಹೋಗಬಹುದು.

"ಮೇಷ್ಟ್ರು ಅರವತ್ತೆರಡನೇ ಪುಟದ ಕೋಷ್ಟಕ ನೋಡಿ ಅಂದ್ರು ಸಾರ್. ಎಲ್ರೂ ತೆಗೆದ್ರು. ನಾನು ಒತ್ತಿದ್ರೆ ಪಟಪಟಾಂತ ಅರವತ್ತೈದಕ್ಕೆ ಹೋಗ್ಬಿಡ್ತು. ಪರೀಕ್ಷೇಲಿ ಅದರ ಮೇಲೇ ಪ್ರಶ್ನೆ ಬರೋದಂತೆ."

ಆಗಲೇ ಕೂತೆ. ತಪಾಸಣೆಯ ತಂತ್ರಾಂಶ ಓಡಿಸಿದರೆ 'ದೋಷವಿಲ್ಲ' ಎಂದಿತು. ಗುರುತುಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತಂತೆ ಸಾಲಾಗಿ ನಿಂತಿದ್ದವು. ಅವನ್ನು ಕಿತ್ತು ಮತ್ತೆ ಹಾಕಿದೆ. ಧ್ವನಿಯಲ್ಲಿ ಸೇರಿಕೊಂಡ ಕೆಮ್ಮು, ಲಾರಿ ಹಾರ್ನ್ ಕತ್ತರಿಸುವಾಗ ಪಾಠವನ್ನೂ ಕತ್ತರಿಸಿದೆನೇನೋ ಎಂದು ಕತ್ತರಿಸಿದ ಜಾಗಗಳನ್ನು ಎಣಿಸಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಆರಿಸಿ ಹಚ್ಚಿದೆ.

"ಅದ್ರ ಕಿವಿ ಹಿಂಡಿದ್ದು ಸಾಕು, ಬಂದು ಊಟ ಮಾಡ್ರೀ" ಎಂದಳು ಹೆಂಡತಿ.

ಕೊನೆಗೆ ಗೆಳೆಯ ಕಳಿಸಿದ್ದ ಮೂಲ ಧ್ವನಿಯನ್ನೇ, ನಾನು ಕತ್ತರಿ ಮುಟ್ಟಿಸದಿದ್ದದ್ದನ್ನು, ತೆರೆದು ಕೇಳಿದೆ. "ಪುಟ ಅರವತ್ತೆರಡು. ಪುಟ ಅರವತ್ತಮೂರು. ಪುಟ ಅರವತ್ತನಾಲ್ಕು." ಒಂದೇ ಉಸಿರು, ಅದೇ ರಾಜನ ದನಿ. ನಡುವೆ ಏನೂ ಇಲ್ಲ. ಖಾಲಿ ಮನೆಗಳ ಬಾಗಿಲಿಗೆ ನಾನು ಒಪ್ಪವಾಗಿ ನಂಬರ್ ಬರೆದು ಬಂದಿದ್ದೆ. ಸಂಖ್ಯೆಗಳನ್ನು ಹುಡುಕುವ ಕೆಲಸವನ್ನು ಈಚೆಗೆ ತಂತ್ರಾಂಶಕ್ಕೇ ಬಿಟ್ಟಿದ್ದೆ. ಅವನು ಓದಿದ್ದನ್ನು ಪೂರ್ತಿ ಕೇಳಿ ನೋಡುವುದೆಂದರೆ ಅನುಮಾನಪಟ್ಟಂತೆ ಅನ್ನಿಸುತ್ತಿತ್ತು. ನಾನು ಹಾಗೆ ಕೇಳಿ ನೋಡುವುದಿಲ್ಲವೆಂದು ಗೊತ್ತಿದ್ದದ್ದು ಅವನೊಬ್ಬನಿಗೇ.

ತರೀಕೆರೆಗೆ ಬಸ್ಸು ಹತ್ತಿದೆ. ಅವನು ಗಿರಾಕಿಗೆ ಶರ್ಟಿನ ಬಟ್ಟೆ ಅಳೆಯುತ್ತಿದ್ದ. ಗಿರಾಕಿ ಹೋಗುವವರೆಗೆ ಕಾದು ಕೇಳಿದೆ.

"ಲೇ, ಅದು ಬರೀ ಅಂಕಿ ಕಣೋ," ಎಂದ. "ರಾಗಿ ಇಷ್ಟು, ಜೋಳ ಇಷ್ಟು, ಆ ವರ್ಷ ಇಷ್ಟು, ಈ ವರ್ಷ ಇಷ್ಟು. ಗಂಟ್ಲು ಒಣಗೋಯ್ತದೆ. ಕಣ್ಣು ಕಾಣ್ದೋರಿಗೆ ಕೋಷ್ಟಕ ಯಾಕಪ್ಪಾ?"

"ಮತ್ತೆ ಪುಟದ ನಂಬರ್ ಯಾಕ್ ಹೇಳ್ದೆ?"

"ಪುಟ ತಪ್ಪೈತೆ ಅಂತ ನೀನು ಗಾಬರಿ ಬೀಳ್ತೀಯಲ್ಲ, ಅದಕ್ಕೇ. ನಿನ್ ನೆಮ್ಮದಿಗೆ ಹೇಳ್ದೆ ಕಣೋ."

ಜಗಳಕ್ಕೆಂದು ಹೋದವನು ಅವನು ತರಿಸಿದ ಟೀ ಕುಡಿದೆ. ಸಕ್ಕರೆ ಹಾಕಿಸಿರಲಿಲ್ಲ, ನನ್ನ ಶುಗರ್ ಅವನಿಗೆ ನೆನಪಿತ್ತು. ಅದೇ ಹೆಚ್ಚು ಉರಿಯಿತು.

ಬಿಟ್ಟ ಪುಟಗಳನ್ನು ನಾನೇ ಓದಿದೆ. ನನ್ನ ದನಿಗೆ ಬಸ್ ನಿಲ್ದಾಣದ ಮೈಕೂ ನಾಚಬೇಕು. ಅಡ್ಡ ಸಾಲು, ಉದ್ದ ಸಾಲು, ರಾಗಿ, ಜೋಳ, ಎಲ್ಲ ಓದಿ ಗುರುತು ಹಾಕಿ ಅಜ್ಜಂಪುರಕ್ಕೆ ಕಳಿಸಿದೆ. ಹುಡುಗಿಯ ಫೋನ್ ಬಂತು.

"ಸಿಕ್ತು ಸಾರ್. ದನಿ ಒಂಥರಾ ಐತೆ, ಪರವಾಗಿಲ್ಲ. ಅಂಕಿ ಎಲ್ಲಾ ಸರಿಯಾಗಿ ಕೇಳ್ತದೆ." ಹಿಂದೆಯೇ ಕೇಳಿದಳು, "ಹೋದ್ ವರ್ಷದ ಪುಸ್ತಕಗಳಲ್ಲೂ ಹಿಂಗೇ ಐತಾ ಸಾರ್? ಪೂರ್ತಿ ಓದಿದೀನಿ ಅಂದ್ಕೊಂಡು ಪರೀಕ್ಷೆ ಬರೆದ್ನಲ್ಲ."

"ನೋಡ್ತೀನಮ್ಮ" ಎಂದೆ.

"ನೋಡಿದ್ದು ಸಾಕು ಸಾರ್. ಈ ಸಲ ಕೇಳಿ."

ಈಗ ಹಳೆಯದೆಲ್ಲ ಮೊದಲ ಪುಟದಿಂದ ಕೇಳುತ್ತಿದ್ದೇನೆ. ಕಿವಿಯಲ್ಲಿ ಇಯರ್‌ಫೋನ್, ತೊಡೆಯ ಮೇಲೆ ಅಚ್ಚಿನ ಪುಸ್ತಕ. ದನಿಯೇನೋ ಈಗಲೂ ಸೊಗಸಾಗಿದೆ. ನಾನು ಮಾತ್ರ ಒಂದೊಂದು ಸಾಲಿನ ಮೇಲೂ ಬೆರಳಿಟ್ಟುಕೊಂಡು ಕೂತಿದ್ದೇನೆ.