ಅಂಜಲ್ ಮೀನಿನ ಸಂಬಳ

ಮೀನು ತಂದ ದಿನ ನಾನು ಮನೆಗೆ ಬಂದವನೇ ಅಡುಗೆಮನೆಗೆ ಹೋಗಿ, ಚೀಲ ಬಿಚ್ಚಿ, ಅಂಜಲಿನ ಕಿವಿರು ಎತ್ತಿ ನೋಡುತ್ತೇನೆ. ಅಂಗಡಿಯಲ್ಲೇ ನೋಡಿ ತಂದದ್ದನ್ನು ಮನೆಯಲ್ಲಿ ಮತ್ತೆ ನೋಡುವುದು ಯಾಕೆಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮತಿಯೂ ಕೇಳುತ್ತಿರುತ್ತಾಳೆ. ನಿನ್ನೆ ಮಾತ್ರ ಅವಳು ಊಟದ ಮೇಜಿನ ಮೇಲೆ ನಾಲ್ಕು ದಿನದಿಂದ ಬಿದ್ದಿದ್ದ ಒಂದು ಫಾರ್ಮಿನ ಕಡೆ ಕಣ್ಣು ತೋರಿಸಿ, "ಕಿವಿರು ಎತ್ತಿ ನೋಡ್ಲಿಕ್ಕೆ ನಿಮಗೆ ಧೈರ್ಯ ಉಂಟು, ಅದನ್ನು ಎತ್ತಿ ನೋಡ್ಲಿಕ್ಕೆ ಮಾತ್ರ ಇಲ್ಲ" ಎಂದಳು.

ಅದು ನನ್ನ ಆಫೀಸಿನ ಫಾರ್ಮು. ಎರಡು ವರ್ಷದಿಂದ ಸುಮತಿಯ ಬೆರಳುಗಳನ್ನು ಸಂಧಿವಾತ ಹಿಡಿದುಕೊಂಡಿದೆ. ಬೆಳಿಗ್ಗೆ ಅವಳಿಗೆ ಲೋಟ ಎತ್ತಲೂ ಆಗುವುದಿಲ್ಲ. ಅದಕ್ಕಾಗಿ ಆಫೀಸಿನವರು ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡಲು ನನಗೆ ಬಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಈ ಫಾರ್ಮು ತುಂಬಿಸಬೇಕು. ಈ ಸಲ ಒಂದು ತೊಡಕು: ಈಗ ನಾವಿರುವ ಊರಿನ ಕನ್ನಡ ಸಂಘದವರು ಶನಿವಾರದ ಕನ್ನಡ ತರಗತಿಗೆ ಕಲಿಸಲು ಸುಮತಿಯನ್ನು ಸಂಬಳ ಕೊಟ್ಟು ಕರೆದಿದ್ದಾರೆ. ಅವಳು ಅಂದಿನಿಂದ ಹಾಡುತ್ತಾ ತಿರುಗುತ್ತಿದ್ದಾಳೆ. ಫಾರ್ಮಿನಲ್ಲೋ, 'ನಿಮ್ಮ ಪತಿ ಅಥವಾ ಪತ್ನಿ ಕೆಲಸದಲ್ಲಿದ್ದಾರೆಯೇ?' ಎಂಬ ಪ್ರಶ್ನೆ, ಮುಂದೆ 'ಹೌದು', 'ಇಲ್ಲ' ಎಂಬ ಎರಡು ಚೌಕಗಳು. 'ಹೌದು' ಎಂದರೆ ನನ್ನ ಎರಡು ದಿನ ಹೋದೀತೆಂದು ನನಗೆ ಹೆದರಿಕೆ. ಆ ಎರಡು ದಿನವಾದರೂ ನಾನೇ ಅವಳ ತಲೆ ಬಾಚಿ ಜಡೆ ಹಾಕುತ್ತೇನೆ. ಚೆನ್ನಾಗಿ ಹಾಕುತ್ತೇನೆಂದು ಹೇಳಲಾರೆ.

ಮೀನಿನ ವಾಸನೆಯೂ ಫಾರ್ಮೂ ಹೀಗೆ ಒಟ್ಟಿಗೆ ಎದುರಾದದ್ದೇ, ಫೆಲಿಕ್ಸ್ ನೆನಪಾದರು.

ಕೆಲವು ವರ್ಷಗಳ ಹಿಂದೆ ನಾವು ಅಬುಧಾಬಿಯ ಖಲೀಫಾ ಸಿಟಿಯಲ್ಲಿ, ಒಂದು ವಿಲ್ಲಾದ ಪೋರ್ಶನ್‌ನಲ್ಲಿದ್ದೆವು. ಗೋಡೆಯಾಚೆಯ ಪೋರ್ಶನ್ನಿನಲ್ಲಿ ಫೆಲಿಕ್ಸ್ ಮತ್ತು ಲಿಲ್ಲಿ, ಮಂಗಳೂರಿನ ಕೊಂಕಣಿ ಕ್ರೈಸ್ತ ದಂಪತಿ. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಪೊರ್ಬುಗಳೆಂದೂ ಬಾಯಮ್ಮನೆಂದೂ ಕರೆಯುತ್ತಿದ್ದೆ, ಅವರು ನನ್ನನ್ನು ಶೆಟ್ರೆ ಎನ್ನುತ್ತಿದ್ದರು. ಫೆಲಿಕ್ಸ್ ಒಂದು ಹೋಟೆಲಿಗೆ ಅಲ್ ಮೀನಾ ಬಂದರಿನ ಮಾರುಕಟ್ಟೆಯಲ್ಲಿ ಮೀನು ಆರಿಸಿ ಕೊಡುವ ಕೆಲಸದಲ್ಲಿದ್ದವರು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸೋತ ಮೇಲೆ ಆ ಕೆಲಸವೂ ಹೋಯಿತು, ಹೆಂಡತಿಯ ವೀಸಾದಲ್ಲಿ ಮನೆಯಲ್ಲಿ ಕುಳಿತರು. ಲಿಲ್ಲಿ ಒಂದು ಆಸ್ಪತ್ರೆಯ ಕೌಂಟರಿನಲ್ಲಿದ್ದರು. ದುಡಿಯಲಾಗದ ಗಂಡನ ಆರೈಕೆಗೆಂದು ಆಸ್ಪತ್ರೆಯವರು ಅವರಿಗೆ ದಿನಕ್ಕೆ ಎರಡು ಗಂಟೆ ರಿಯಾಯಿತಿಯನ್ನೂ ಒಂದು ಸಣ್ಣ ಭತ್ಯೆಯನ್ನೂ ಕೊಟ್ಟಿದ್ದರು. ಆ ಎರಡು ಗಂಟೆಯಲ್ಲೇ ಫೆಲಿಕ್ಸರ ಸ್ನಾನ, ವ್ಯಾಯಾಮ ಎಲ್ಲ ಆಗಬೇಕು.

ಒಂದು ದಿನ ಹಳೇ ಹೋಟೆಲಿನ ಯಜಮಾನರು ಮನೆಗೇ ಬಂದರು. "ನೀವು ಹೋದ ಮೇಲೆ ನಮ್ಮ ಗಿರಾಕಿಗಳೆಲ್ಲ ಮೀನು ಹಳಸಲು ಅಂತ ಬೈತಾರೆ ಮಾರಾಯ್ರೆ. ವಾರಕ್ಕೆ ಎರಡು ಬೆಳಿಗ್ಗೆ ಕುರ್ಚಿ ಹಾಕಿ ಕೂತು ಬೆರಳು ತೋರಿಸಿ, ಸಾಕು."

ಫೆಲಿಕ್ಸರ ಮುಖ ಬೆಳಗಿದ್ದನ್ನು ನೀವು ನೋಡಬೇಕಿತ್ತು. ಆದರೆ ಲಿಲ್ಲಿಯ ಎರಡು ಗಂಟೆ? ಆಗ ಮುಂದೆ ಬಂದದ್ದು ನಾನು. ಆಫೀಸಿನಲ್ಲಿ ಫೈಲು ಜೋಡಿಸುವವನಿಗೆ ಕಾನೂನೂ ಗೊತ್ತಿರುತ್ತದೆಂದು ಆಗ ನನಗೊಂದು ನಂಬಿಕೆ. "ಸಂಬಳ ತಗೊಳ್ಳಬೇಡಿ ಪೊರ್ಬುಗಳೆ. ಸಂಬಳ ಇಲ್ಲದಿದ್ರೆ ಅದು ಕೆಲಸವೇ ಅಲ್ಲ. ಬದಲಿಗೆ ಮೀನು ತಗೊಳ್ಳಿ" ಎಂದೆ. ಊರಲ್ಲಿ ಬಲೆ ಎಳೆಯಲು ಕೈಕೊಟ್ಟವರಿಗೆ ಮೀನು ಕೊಡುವುದು ಇದ್ದದ್ದೇ ಅಲ್ಲವೇ ಎಂದು ಸಮರ್ಥನೆ ಬೇರೆ.

ಬಂದೇ ಬಂತು ಮೀನು. ಅಂಜಲ್, ಬಂಗುಡೆ, ಸಿಗಡಿ. ಅವರ ಫ್ರೀಜರು ತುಂಬಿ ನಮ್ಮದಕ್ಕೆ ಬಂತು. ನಮ್ಮದು ತುಂಬಿ ಮೇಲಿನ ಮಹಡಿಯವರದ್ದಕ್ಕೆ ಹೋಯಿತು. ನಮ್ಮ ಮನೆಯ ಐಸ್‌ಕ್ರೀಮಿಗೆ ಬಂಗುಡೆಯ ಪರಿಮಳ ಹತ್ತಿತು. ಆಗ ಸುಮತಿಯ ಬೆರಳುಗಳು ಗಟ್ಟಿಯಾಗಿದ್ದವು, ಇಡೀ ವಿಲ್ಲಾದ ಮೀನು ಕೊಯ್ದು ಕೊಡುವವಳು ಅವಳೇ. ಫೆಲಿಕ್ಸ್ ಎಡಗೈಯಲ್ಲಿ ಕಿವಿರು ಎತ್ತಿ ನನಗೆ ಪಾಠ ಮಾಡುತ್ತಿದ್ದರು. "ಕೆಂಪು ನೋಡಿದ್ರೆ ಸಾಲದು ಶೆಟ್ರೆ, ಮೂಸಿ ನೋಡ್ಬೇಕು. ಮೂಸಿದ್ರೆ ಸಮುದ್ರ ನೆನಪಾಗ್ಬೇಕು, ಮೀನು ಅಲ್ಲ." ಅವರ ನಗು ಗೋಡೆ ದಾಟಿ ಕೇಳುತ್ತಿತ್ತು. ಅದಕ್ಕೆ ಮುಂಚೆ ಒಂದು ವರ್ಷ ಗೋಡೆಯಾಚೆಯಿಂದ ಟೀವಿಯ ಸದ್ದು ಬಿಟ್ಟು ಬೇರೇನೂ ಕೇಳಿರಲಿಲ್ಲ.

ಅಷ್ಟರಲ್ಲಿ ಲಿಲ್ಲಿಯ ಆಸ್ಪತ್ರೆಯ ವರ್ಷಾವಧಿ ಫಾರ್ಮು ಬಂತು. ತುಂಬಿಸಲು ನನ್ನನ್ನೇ ಕರೆದರು. ಪತಿಗೆ ಹಣವಾಗಿ ಅಥವಾ ವಸ್ತುವಾಗಿ ಏನಾದರೂ ಪ್ರತಿಫಲ ಸಿಗುತ್ತದೆಯೇ ಎಂದು ಅದರಲ್ಲಿ ಸ್ಪಷ್ಟವಾಗಿ ಕೇಳಿದ್ದರು. ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಒಳಗೆ ಫ್ರೀಜರು ಗುಂಯ್ ಎನ್ನುತ್ತಿತ್ತು.

"ಇಲ್ಲ ಅಂತ ಹಾಕಿಬಿಡುವ" ಎಂದೆ ಮೆಲ್ಲಗೆ.

"ದಿನಾ ಕೌಂಟರಲ್ಲಿ ಕೂತು ಎಲ್ಲ ಸರಿಯಾಗಿ ಬರೀರಿ ಅಂತ ಜನರಿಗೆ ಹೇಳುವವಳು ನಾನು. ನಾನೇ ಸುಳ್ಳು ಬರೆಯುದಾ ಶೆಟ್ರೆ?"

ಫೆಲಿಕ್ಸ್ ತಲೆ ತಗ್ಗಿಸಿದರು. "ಹಾಗಾದ್ರೆ ನಾನು ಇನ್ನು ಮೀನಾಕ್ಕೆ ಹೋಗುದಿಲ್ಲ. ನಿನ್ನ ಎರಡು ಗಂಟೆ ದೊಡ್ಡದು."

"ನೀವು ಮತ್ತೆ ಟೀವಿ ಮುಂದೆ ಕೂತ್ರೆ ಆ ಎರಡು ಗಂಟೆ ಇಟ್ಕೊಂಡು ನಾನು ಎಂತ ಮಾಡುದು? ನಿಮ್ಮ ಸೋತ ಮುಖ ನೋಡುದಾ?" ಎಂದರು ಲಿಲ್ಲಿ. ಫಾರ್ಮನ್ನು ಖಾಲಿಯೇ ಮಡಚಿ ಪರ್ಸಿಗೆ ಹಾಕಿಕೊಂಡರು.

ಮರುದಿನ ಸಂಜೆ ಅವರು ಬರುವವರೆಗೆ ನಾವು ಮೂವರೂ ಬಾಗಿಲನ್ನೇ ನೋಡುತ್ತಾ ಕುಳಿತಿದ್ದೆವು. ಬಂದವರು ಚಪ್ಪಲಿ ಬಿಟ್ಟು, ನೀರು ಕುಡಿದು, "ಭತ್ಯೆ ಖಲಾಸ್" ಎಂದರು. ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಆಮೇಲೆ ನಗು ತಡೆಯಲಾಗದೆ, "ಎರಡು ಗಂಟೆ ಉಂಟು" ಎಂದರು.

ಆದದ್ದಿಷ್ಟು. ಆಸ್ಪತ್ರೆಯ ಆಫೀಸಿನ ಮೇಡಂ ಎಲ್ಲವನ್ನೂ ಕೇಳಿ, "ಅವರು ಮಾರ್ಕೆಟಿಗೆ ಹೊರಡುವಾಗ ಶರ್ಟಿನ ಗುಂಡಿ ಯಾರು ಹಾಕುತ್ತಾರೆ?" ಎಂದರಂತೆ. ನಾನೇ ಎಂದರಂತೆ ಲಿಲ್ಲಿ. ಸ್ನಾನ? ಅದೂ ನಾನೇ. "ಮತ್ತೆ ಗಂಟೆ ಯಾಕೆ ಕಡಿಮೆಯಾಗಬೇಕು? ಭತ್ಯೆ ಇದ್ದದ್ದು ಅವರಿಗೆ ಆದಾಯ ಇಲ್ಲವೆಂದು. ಗಂಟೆ ಇರುವುದು ಅವರಿಗೆ ನೀವು ಬೇಕೆಂದು." ಕೆಲಸದ ಪರ್ಮಿಟ್ ಇಲ್ಲದೆ ಫೆಲಿಕ್ಸ್ ಇನ್ನೊಂದು ದಿನವೂ ಹೋಗಕೂಡದೆಂದು ಗದರಿಸಿ, ಹೋಟೆಲಿನವರಿಂದ ಪಾರ್ಟ್ ಟೈಮ್ ಪರ್ಮಿಟ್ ಮಾಡಿಸಲು ಹೇಳಿ, ಕೊನೆಗೆ ಕೇಳಿದರಂತೆ: "ಈ ಮೀನಿನ ಉಪಾಯ ಯಾವ ಬುದ್ಧಿವಂತನದ್ದು?" ಲಿಲ್ಲಿ ನನ್ನ ಹೆಸರು ಹೇಳಲಿಲ್ಲ. ಆ ಋಣ ನನ್ನ ಮೇಲೆ ಹಾಗೇ ಇದೆ.

ಪರ್ಮಿಟ್ ಸಿಕ್ಕಿತು. ಮೊದಲ ಸಂಬಳದ ದಿನ ಫೆಲಿಕ್ಸ್ ತಾವೇ ದುಡ್ಡು ಕೊಟ್ಟು ಒಂದು ಅಂಜಲ್ ಕೊಂಡುತಂದರು. "ತಿನ್ನಿ ಶೆಟ್ರೆ, ಇದು ಪರ್ಮಿಟ್ ಇರುವ ಮೀನು!" ಅಷ್ಟು ರುಚಿಯ ಮೀನು ನಾನು ಆಮೇಲೆ ತಿಂದಿಲ್ಲ. ಈಗಲೂ ಅಬುಧಾಬಿಗೆ ಹೋದಾಗ ಮೀನಾದಲ್ಲಿ ಅವರ ಕುರ್ಚಿಯ ಮುಂದೆ ನಿಂತು, ಕಿವಿರು ಮೂಸಲು ಇನ್ನೂ ಬಾರದೆಂದು ಬೈಸಿಕೊಂಡೇ ಬರುವುದು.

ಇಷ್ಟೆಲ್ಲ ನೆನಪಾದ ಮೇಲೆ ನಾನು ಕೈ ತೊಳೆದು ಆಫೀಸಿಗೆ ಫೋನ್ ಮಾಡಿದೆ. ಹೆಂಡತಿ ಶನಿವಾರ ಕಲಿಸಲು ಹೋದರೆ ನನ್ನ ಎರಡು ದಿನದ ಗತಿಯೇನೆಂದು ನೇರವಾಗಿ ಕೇಳಿದೆ. ಆ ಕಡೆಯ ಹುಡುಗಿ, "ಇದ್ದದ್ದನ್ನು ಬರೆದು ಕಳಿಸಿ ಸರ್, ನೋಡಿ ಹೇಳ್ತೇವೆ" ಎಂದಳು. ನಾಲ್ಕು ದಿನ ನಾನು ಹೆದರಿದ್ದು ಇಷ್ಟಕ್ಕೆ. ಉತ್ತರ ಏನು ಬರುತ್ತದೋ ಗೊತ್ತಿಲ್ಲ. ಆದರೂ ಯಾಕೋ ಎದೆ ಹಗುರಾಯಿತು.

ಕುಳಿತು 'ಹೌದು' ಎಂಬ ಚೌಕಕ್ಕೆ ಪೆನ್ನು ತಾಗಿಸಿದೆ. ಸುಮತಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಜಡೆ ನೀವು ಹಾಕಿ. ಇದು ನಾನು ಹಾಕ್ತೇನೆ."

ಸೊಟ್ಟ ಬೆರಳುಗಳ ನಡುವೆ ಪೆನ್ನನ್ನು ಸಿಕ್ಕಿಸಿ, ಅವಳು ಗುರುತು ಹಾಕಿದಳು. ಪಕ್ಕದಲ್ಲಿ, ಕೆಲಸ ಏನು ಎಂದು ಕೇಳಿದ್ದಲ್ಲಿ, 'ಟೀಚರ್' ಎಂದು ಬರೆಯಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ಮೀನು ಕಾಯುತ್ತಿತ್ತು. ನಾನು ಸಹಾಯಕ್ಕೆ ಕೈ ಚಾಚಲಿಲ್ಲ.