ದ್ವಾದಶಿಯ ಅವಲಕ್ಕಿ

ಬಂಕಾಪುರದ ಜಯತೀರ್ಥ ಮಾಸ್ತರರು ಪೆನ್ಶನ್ ತೆಗೆದುಕೊಂಡು ಮನೆಗೆ ಬಂದರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ೧೯೪೦ರ ಸುಮಾರಿಗೆ ಅವರ ಪಡಸಾಲೆಯಲ್ಲಿ ದಿನಾ ಬೆಳಿಗ್ಗೆ ಪಾಠ ನಡೆಯುತ್ತಿತ್ತು. ವಿದ್ಯಾರ್ಥಿ ಒಬ್ಬನೇ, ಅವರ ಮಗ ಮಧ್ವೇಶ. ವಯಸ್ಸು ಇಪ್ಪತ್ತಾರು, ಮೀಸೆ ಬಲಿತಿದೆ, ಮದುವೆಯೂ ಆಗಿದೆ, ಆದರೆ ಮುಲ್ಕಿ ಪರೀಕ್ಷೆ ಮಾತ್ರ ದಾಟಿಲ್ಲ. ಏಳನೆಯ ಇಯತ್ತೆಯ ಆ ಮುಲ್ಕಿ ಪಾಸಾದರೆ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಸಿಗುತ್ತಿದ್ದ ಕಾಲ. ಮಧ್ವೇಶ ಎರಡು ಸಲ ಕೂತಿದ್ದ, ಎರಡು ಸಲವೂ ಗಣಿತದಲ್ಲಿ ಮಕಾಡೆ ಬಿದ್ದಿದ್ದ. ನಡುವೆ ಹಿರೇಕೆರೂರಿನಲ್ಲಿ ಒಬ್ಬ ವಕೀಲರ ಹತ್ತಿರ ಕಾರಕೂನಿಕೆಗೆ ಸೇರಿ, ಜಗಳಾಡಿ ಬಂದದ್ದೂ ಆಗಿತ್ತು. ಈಗ ಅಪ್ಪನ ಅನ್ನ, ಅಪ್ಪನ ಪಾಟಿ, ಅಪ್ಪನ ಬೈಗುಳ.

ಪೇಟೆಗೆ ಹೋದರೆ ಕಾಳಿನ ಅಂಗಡಿಯ ಚನ್ನವೀರಪ್ಪ ಬಿಡುತ್ತಿರಲಿಲ್ಲ. "ಏನ್ರಿ ಮಧ್ವೇಶರಾಯರ, ಸಾಲಿ ಬಿಟ್ಟಿತೇನ್ರಿ?" ಎಂದು ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದ. ಮಧ್ವೇಶ ಹಲ್ಲು ಕಚ್ಚಿಕೊಂಡು ಮುಂದೆ ಹೋಗುತ್ತಿದ್ದ. ಊರು ನಗಲಿ, ಅದಕ್ಕೇನು! ಅವನಿಗೆ ಬೇಕಾದದ್ದು ಅಪ್ಪನ ಬಾಯಿಂದ ಒಂದೇ ಮಾತು: ಶಾಭಾಸ್. ಊರ ಅರ್ಧಕ್ಕರ್ಧ ಮಕ್ಕಳಿಗೆ ಬೆನ್ನು ತಟ್ಟಿ ಆ ಮಾತು ಹೇಳಿದ್ದ ಮಾಸ್ತರರು ಹೊಟ್ಟೆಯ ಮಗನಿಗೆ ಇದುವರೆಗೆ ಒಮ್ಮೆಯೂ ಹೇಳಿರಲಿಲ್ಲ.

ಒಂದು ದಿನ ಮಾಸ್ತರರು ತ್ರೈರಾಶಿಯ ಲೆಕ್ಕ ಕೊಟ್ಟರು. ಇಷ್ಟು ಆಳು ಇಷ್ಟು ದಿನದಲ್ಲಿ ಬಾವಿ ತೋಡಿದರೆ, ಅಷ್ಟು ಆಳಿಗೆ ಎಷ್ಟು ದಿನ ಬೇಕು? ಮಧ್ವೇಶ ಬರೆದ, ಅಳಿಸಿದ, ತಲೆ ಕೆರೆದುಕೊಂಡ. ಅಡುಗೆಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅವನ ಹೆಂಡತಿ ಸುಮನ್, ತವರಿನಲ್ಲಿ ಆರನೆಯ ಇಯತ್ತೆವರೆಗೆ ಓದಿದವಳು, ತನ್ನಷ್ಟಕ್ಕೆ ತಾನೇ ಲೆಕ್ಕ ಬಿಡಿಸುತ್ತ ಉತ್ತರ ಗೊಣಗಿದಳು.

"ಯಾರದು? ನಮ್ಮ ಸುಮನ್ನೇನು?" ಮಾಸ್ತರರ ಕನ್ನಡಕ ಹಣೆಗೇರಿತು. "ಶಾಭಾಸ್!"

ರಾಮ ರಾಮಾ! ಇಷ್ಟು ವರ್ಷ ಕಾದು ಕೂತವನ ಎದುರಿಗೆ, ಅವನ ಪಾಲಿನ ಮಾತು ಮೊರದ ಮುಂದೆ ಕೂತವಳ ಮಡಿಲಿಗೆ ಹೋಗಿ ಬಿತ್ತು. ಮಧ್ವೇಶನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು.

ಮಾಸ್ತರರು ಅಷ್ಟಕ್ಕೇ ನಿಲ್ಲಲಿಲ್ಲ. "ಸೊಸಿನೂ ಪರೀಕ್ಷಾಕ್ಕ ಕೂಡ್ಲಿ. ನಮ್ಮೂರ ಹೆಣ್ಣುಮಕ್ಕಳ ಸಾಲಿಗೆ ಪಾಠಾ ಹೇಳ್ಲಿಕ್ಕೆ ಅಕ್ಕೋರು ಬೇಕಾಗ್ಯಾರ," ಎಂದುಬಿಟ್ಟರು. ಮರುದಿನದಿಂದ ಸುಮನ್ ಬಾಗಿಲ ಮರೆಯಲ್ಲಿ ಪಾಟಿ, ಬಳಪ ಹಿಡಿದು ಕೂತಳು. ಅವ್ವ ಪದ್ಮಾಬಾಯಿ ಅವಳಿಗೆ ಬೀಸುವ ಕೆಲಸ ಬಿಡಿಸಿದರು. ಅದು ಹೋಗಲಿ, ಮೊಸರಿನ ಕೆನೆ! ಹುಟ್ಟಿದಾಗಿನಿಂದ ಮಧ್ವೇಶನ ಎಲೆಗೆ ಬೀಳುತ್ತಿದ್ದ ಕೆನೆ ಈಗ "ಪಾಪ, ಓದೂ ಹುಡುಗಿ" ಎಂದು ಅವಳ ಎಲೆಗೆ ಬೀಳತೊಡಗಿತು. ಹಾಗಾದರೆ ಅವನೇನು ಪಡಸಾಲೆಯಲ್ಲಿ ದನ ಮೇಯಿಸುತ್ತಿದ್ದನೇ? ಹೊಟ್ಟೆಕಿಚ್ಚು ತಡೆಯಲಾರದೆ ಒಂದು ದಿನ ಅವಳ ಬಳಪವನ್ನು ಅಟ್ಟದ ಮೇಲೆ ಬಚ್ಚಿಟ್ಟ. ಅವಳು ಒಲೆಯಿಂದ ಇದ್ದಿಲು ತಂದು ನೆಲದ ಮೇಲೆ ಲೆಕ್ಕ ಮಾಡಿದಳು. "ನೋಡೋ, ಓದೋರು ಹಿಂಗ ಓದ್ತಾರ," ಎಂದು ಮಾಸ್ತರರು ಅದಕ್ಕೂ ಅವನಿಗೇ ಬೈದರು.

ಪರೀಕ್ಷೆ ಶಿಗ್ಗಾಂವದಲ್ಲಿ, ಸೋಮವಾರ ಮೊದಲ ಪತ್ರಿಕೆಯೇ ಗಣಿತ. ಉಳಿಯುವುದು ಸುಮನ್ನಳ ಸೋದರಮಾವ ವಿಠ್ಠಲರಾಯರ ಮನೆಯಲ್ಲಿ. ಇಲ್ಲೊಂದು ತೊಡಕಿತ್ತು. ಎರಡೂ ವೈಷ್ಣವರ ಮನೆಗಳೇ, ಆದರೆ ಮಠ ಬೇರೆ, ಪಂಚಾಂಗ ಬೇರೆ. ಎಂದೋ ಒಮ್ಮೆ ಎರಡು ಪಂಚಾಂಗಗಳ ಏಕಾದಶಿ ಒಂದು ದಿನ ಹಿಂದುಮುಂದಾಗುವುದುಂಟು. ಆ ಸಲ ಹಾಗೇ ಆಗಿ, ಮಾಸ್ತರರ ಮನೆಗೆ ಭಾನುವಾರ ಉಪವಾಸ, ವಿಠ್ಠಲರಾಯರ ಮನೆಗೆ ಸೋಮವಾರ.

ಭಾನುವಾರ ಸುಮನ್ ಆಗಲೇ ಗಾಡಿ ಹತ್ತಿ ಕೂತಿದ್ದಳು. ಪದ್ಮಾಬಾಯಿ ಮಗನನ್ನು ಒಳಗೆ ಕರೆದು ಒಂದು ಗಂಟು ಕೈಗಿಟ್ಟರು. "ಹಚ್ಚಿದ ಅವಲಕ್ಕಿ ಅದ, ನಿನ್ನೇನ ಮಾಡಿಟ್ಟಿದ್ದೆ. ನಾಳಿ ನಮಗ ದ್ವಾದಶಿ, ಅವರ ಮನ್ಯಾಗ ಒಲಿ ಹಚ್ಚೂದಿಲ್ಲ. ಮುಂಜಾನೆ ಲಗೂನ ಸ್ನಾನಾ ಮಾಡಿ ತೀರ್ಥಾ ತಗೊಂಡು, ಇದನ್ನ ತಿಂದು ಉಪವಾಸ ಬಿಟ್ಟು ಪಾರಣಿ ಮಾಡ್ರಿ. ಇಬ್ರಿಗೂ ಅದ. ಆಕಿಗೂ ಹೇಳಪಾ, ನಾ ಗದ್ಲದಾಗ ಮರ್ತೆ."

"ಹೇಳ್ತೇನಿ ಬಿಡವ್ವಾ," ಎಂದ ಮಧ್ವೇಶ. ಆಗ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಅಷ್ಟು ಮಾತ್ರ ಅವನ ಪರವಾಗಿ ಹೇಳಬೇಕು.

ಭಾನುವಾರ ಶಿಗ್ಗಾಂವದಲ್ಲಿ ಮನೆಯವರು ಉಂಡರು, ಬಂದವರು ನೀರು ಕುಡಿದು ಕೂತರು. ಸೋಮವಾರ ನಸುಕಿನಲ್ಲಿ ಮಧ್ವೇಶ ಹಿತ್ತಲ ಬಾವಿಯಲ್ಲಿ ಸ್ನಾನ ಮಾಡಿ, ಗಂಟು ಬಿಚ್ಚಿ, ಅರ್ಧ ತಿಂದು, ಉಳಿದರ್ಧವನ್ನು ಹೆಂಡತಿಗೆ ಕೊಡಲೆಂದು ಎದ್ದ. ಒಳಗೆ ವಿಠ್ಠಲರಾಯರು ಹೆಂಡತಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಗಣಿತದಾಗ ನಮ್ಮ ಸುಮನ್ನನ್ನ ಹಿಡಿಯೋರಿಲ್ಲ ನೋಡು. ಅಳಿಯಂದಿರದು... ಹೂಂ, ದೇವರ ಇಚ್ಛಾ."

ಮಧ್ವೇಶ ನಿಂತಲ್ಲೇ ನಿಂತ. ಮತ್ತೆ ಬಾವಿಕಟ್ಟೆಗೆ ಹೋಗಿ ಕೂತ. ಹಸಿವಿರಲಿಲ್ಲ, ಗಂಟಲಲ್ಲಿ ಇಳಿಯುತ್ತಲೂ ಇರಲಿಲ್ಲ. ಆದರೂ ನೀರು ಕುಡಿದು ಕುಡಿದು ಉಳಿದರ್ಧವನ್ನೂ ತಿಂದು ಮುಗಿಸಿದ. ಜನ್ಮದಲ್ಲಿ ತನ್ನ ಪಂಚೆ ತಾನು ಒಗೆಯದ ಮಹಾರಾಯ, ಆ ಗಂಟಿನ ಅರಿವೆಯನ್ನು ತಿಕ್ಕಿ ತಿಕ್ಕಿ ಒಗೆದು ಹಿಂಡಿದ.

"ನಿಮಗ ಇವತ್ತ ಪಾರಣಿ ಅಲ್ಲೇನ್ರಿ?" ಎಂದು ವಿಠ್ಠಲರಾಯರು ಸಂಕೋಚದಿಂದ ಕೇಳಿದರು.

"ಎಲ್ಲಾ ವ್ಯವಸ್ಥಾ ಆಗೇದರಿ, ನೀವೇನೂ ಕಾಳಜಿ ಮಾಡಬ್ಯಾಡ್ರಿ."

ಸುಮನ್ ಬಾಗಿಲ ಹಿಂದೆ ಮೆಲ್ಲಗೆ ಕೇಳಿದಳು, "ಏನ್ರಿ, ಅತ್ತಿಯವರು ಪಾರಣಿಗೆ ಏನರ ಕಟ್ಟಿ ಕೊಟ್ಟಾರೇನ್ರಿ?"

"ಏನೂ ಇಲ್ಲ. ನಿನ್ನ ಮಾವನ ಮನಿ, ಅವರ ಪದ್ಧತಿ. ಇವತ್ತೂ ಉಪವಾಸ ಇರು."

"ಹೂಂರಿ," ಎಂದು ಅವಳು ಸೆರಗು ಸೊಂಟಕ್ಕೆ ಬಿಗಿದುಕೊಂಡಳು. ತೀರ್ಥ ತೆಗೆದುಕೊಂಡು ಬರಿಹೊಟ್ಟೆಯಲ್ಲೇ ಅವನ ಹಿಂದೆ ನಡೆದಳು.

ಪರೀಕ್ಷೆಯ ಮನೆಯಲ್ಲಿ ಅವಳನ್ನು ಬೇರೆಯಾಗಿ ಕಿಟಕಿಯ ಹತ್ತಿರ ಕೂಡಿಸಿದ್ದರು. ಮಧ್ವೇಶ ಪ್ರಶ್ನೆ ನೋಡಿದ. ಬಾವಿ ತೋಡುವ ಲೆಕ್ಕ! ಅಂದು ಹೊಸ್ತಿಲಿನಿಂದ ಕೇಳಿದ ಉತ್ತರದ ದಾರಿ ಅವನಿಗೆ ಬಾಯಿಪಾಠವಾಗಿತ್ತು. ಹೊಟ್ಟೆಕಿಚ್ಚಿನಿಂದ ನೆನಪಿಟ್ಟದ್ದು ಮರೆಯುತ್ತದೆಯೇ! ಬರೆಯುತ್ತ ಒಮ್ಮೆ ತಲೆಯೆತ್ತಿದಾಗ ಸುಮನ್ ಹಣೆಯನ್ನು ಮೇಜಿಗೆ ಆನಿಸಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಕಣ್ಣುಜ್ಜಿಕೊಂಡು ಬರೆದಳು, ಮತ್ತೆ ತಲೆ ಬಾಗಿತು. ಎದ್ದು ನಿಂತು ಯಾರಿಗಾದರೂ ಹೇಳಬೇಕೆನಿಸಿತು ಅವನಿಗೆ. ಏನೆಂದು ಹೇಳುವುದು? ತಲೆ ತಗ್ಗಿಸಿ ಮುಂದಿನ ಲೆಕ್ಕಕ್ಕೆ ಕೈ ಹಚ್ಚಿದ.

ಫಲಿತಾಂಶ ನೋಡಲು ಮಾಸ್ತರರೇ ಹೋದರು. ಬಂದು ಅಂಗಳದಲ್ಲಿ ಕಾಲು ತೊಳೆಯುತ್ತ ನಿಂತವರು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಕೊನೆಗೆ ಬಂದು ಮಗನ ಬೆನ್ನ ಮೇಲೆ ಕೈಯಿಟ್ಟರು. "ಪಾಸಾದಿ. ಶಾಭಾಸ್, ಮಧ್ವೇಶ."

ಬಂತು! ಆದರೆ ಆ ಮಾತು ಹೇಳುವಾಗ ಮಾಸ್ತರರ ಕಣ್ಣು ಬಾಗಿಲ ಮರೆಯತ್ತ ಇತ್ತು. ಸುಮನ್ ಉಳಿದ ಎಲ್ಲ ವಿಷಯಗಳಲ್ಲಿ ಪಾಸಾಗಿ, ಗಣಿತವೊಂದರಲ್ಲಿ ಹೋಗಿದ್ದಳು.

"ಗಣಿತದಾಗ?" ಪದ್ಮಾಬಾಯಿ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅದ್ಹೆಂಗ ಹೋತವಾ? ಅವತ್ತ ಮುಂಜಾನೆ ಪಾರಣಿ ಮಾಡಿದ್ದಿ ಹೌದಿಲ್ಲೊ? ನಾ ಇಬ್ರಿಗೂ ಅಂತ ಇವನ ಕೈಯಾಗ ಅವಲಕ್ಕಿ ಕೊಟ್ಟಿದ್ದೆನಲ್ಲ, ತಿಂದಿದ್ದಿಲ್ಲೊ?"

ಸುಮನ್ ಅತ್ತೆಯ ಮುಖ ನೋಡಿದಳು. ಆಮೇಲೆ, ಹಿರಿಯರ ಎದುರಿಗೆ ಗಂಡನನ್ನು ಎಂದೂ ನೇರ ನೋಡದವಳು, ಅಂದು ಕಣ್ಣಿಟ್ಟು ನೋಡಿದಳು.

"ತಿಂದಿದ್ದೆನ್ರಿ ಅತ್ತಿಯವರ. ಇಬ್ಬರಿಗೂ ಸಾಕಾಗಿತ್ತು."

ಅಷ್ಟು ಹೇಳಿ ಒಲೆಗೆ ಕಟ್ಟಿಗೆ ಒಟ್ಟಲು ಹೋದಳು. ಮಧ್ವೇಶ ಅವಳು ಜಗಳ ತೆಗೆಯುವುದನ್ನೇ ಕಾದ. ಬಯ್ದರೆ ತಿರುಗಿ ಬಯ್ಯಬಹುದಿತ್ತು, ಅತ್ತರೆ ಸಮಾಧಾನ ಮಾಡಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಎಂದಿನಂತೆ ಉಣಬಡಿಸಿದಳು, ಎಂದಿನಂತೆ ಹಾಸಿಗೆ ಹಾಸಿದಳು.

ಅವನಿಗೆ ಹಾನಗಲ್ಲ ತಾಲೂಕಿನ ಆಡೂರಿನಲ್ಲಿ ಮಾಸ್ತರಿಕೆ ಸಿಕ್ಕಿತು. ಹೆಣ್ಣುಮಕ್ಕಳ ಶಾಲೆಗೆ ಹೊರಗಿನಿಂದ ಯಾರೋ ಅಕ್ಕೋರು ಬಂದರು. ಹೊರಡುವ ದಿನ ಬೆಳಿಗ್ಗೆ ಮಧ್ವೇಶ ಪಡಸಾಲೆಗೆ ಬಂದರೆ, ಸುಮನ್ ಅದೇ ಬಾಗಿಲ ಮರೆಯಲ್ಲಿ ಪಾಟಿ ಹಿಡಿದು ಕೂತಿದ್ದಾಳೆ, ಅಪ್ಪ ಕನ್ನಡಕ ಏರಿಸಿಕೊಂಡು ಪಾಠ ಹೇಳುತ್ತಿದ್ದಾರೆ. ಪಾಸಾದವನು ಇವನು, ನೌಕರಿ ಸಿಕ್ಕವನು ಇವನು, ಆದರೂ ಅವರಿಬ್ಬರನ್ನು ನೋಡಿ ಮತ್ತೆ ಅದೇ ಕಿಚ್ಚು ಹೊಟ್ಟೆಯಲ್ಲಿ ಹೊತ್ತಿಕೊಂಡಿತು. ನಾಪಾಸಾದರೂ ಸರಿ, ಆ ಜಾಗದಲ್ಲಿ ತಾನಿರಬೇಕಿತ್ತು ಎನಿಸಿತು.

ಅಪ್ಪ ಪೂಜೆಗೆ ಎದ್ದು ಹೋದ ಮೇಲೆ ಅವನು ಹತ್ತಿರ ಹೋದ.

"ಆಡೂರಿಗೆ ಬಂದ ಮ್ಯಾಲೆ ಗಣಿತ ನಾ ಹೇಳಿಕೊಡ್ತೇನಿ."

ಸುಮನ್ ಪಾಟಿಯಿಂದ ತಲೆಯೆತ್ತಲಿಲ್ಲ.

"ಬ್ಯಾಡ್ರಿ," ಎಂದಳು. "ಗಣಿತ ನನಗ ಬರ್ತದ."