ಎಸ್ತರಳ ಎರಡನೇ ಆಮೆನ್

ಕೊಬ್ಬರಿ ಎಣ್ಣೆಗೆ ಅಗ್ಗದ ಗುಲಾಬಿ ಸೆಂಟು ಬೆರೆಸಿದರೆ ಒಂದು ವಾಸನೆ ಬರುತ್ತದೆ. ಮೊನ್ನೆ ಬೆಂಗಳೂರಿನ ಹೂಡಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರದೋ ತಲೆಯಿಂದ ಅದು ಬಂತು. ನಮ್ಮ ಮಹಡಿ ಬರುವ ಮೊದಲೇ ಇಳಿದುಬಿಟ್ಟೆ. ಪೀಣ್ಯದಲ್ಲಿ ಲೇತ್ ಶೆಡ್ಡಿನ ಹಿಂದಿದ್ದ ನಮ್ಮ ಶೀಟಿನ ಮನೆಯಲ್ಲಿ ವಾಸನೆಗಳಿಗೇನೂ ಬರವಿರಲಿಲ್ಲ. ಕಾದ ಕಬ್ಬಿಣ, ಮೋರಿ, ಗಾರ್ಮೆಂಟ್ಸಿನಿಂದ ಅಮ್ಮ ಮೈಗಂಟಿಸಿಕೊಂಡು ಬರುತ್ತಿದ್ದ ಹೊಸ ಬಟ್ಟೆಯ ಗಂಜಿ, ಅವೆಲ್ಲ ನನಗೆ ಇಂದಿಗೂ ಪ್ರಿಯವೇ. ಹಾಗೆ ಕಳೆದುಹೋದ ಮನೆಯೊಂದು ನಿಮಗೂ ಇದ್ದರೆ ಈ ಮಾತು ಅರ್ಥವಾದೀತು. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅಮ್ಮ, ನಾನು, ತಂಗಿ ಎಸ್ತರ್ ಇದ್ದೆವು. ಎಸ್ತರಳ ಕಾಲಿಗೆ ಹುಟ್ಟಿನಿಂದಲೇ ಬಲವಿರಲಿಲ್ಲ. ಭಾನುವಾರ ಅಮ್ಮ ಬಿಳಿ ಸೀರೆಯುಟ್ಟು, ಅವಳನ್ನು ಸೊಂಟಕ್ಕೇರಿಸಿಕೊಂಡು ಚರ್ಚಿನ ಸಭೆಗೆ ಹೊರಡುತ್ತಿದ್ದಳು.

ನಮ್ಮ ಸಭೆಯಲ್ಲಿ ಪ್ರಾರ್ಥನೆ ಫಲಿಸಿದವರು ಎದ್ದು ಸಾಕ್ಷಿ ಹೇಳಬೇಕು, ಕೂತವರು 'ಸ್ತೋತ್ರ' ಎನ್ನಬೇಕು. ಸಾಕ್ಷಿಯಿಲ್ಲದ ಭಾನುವಾರ ಪಾಸ್ಟರ ಮುಖ ಸಪ್ಪಗಾಗುತ್ತಿತ್ತು. ಒಮ್ಮೆ ಪ್ರಾರ್ಥನೆಯಿಂದಲೇ ರೋಗ ವಾಸಿಮಾಡುತ್ತಾನೆಂದು ಹೊರಗಿನಿಂದ ಒಬ್ಬ ಪ್ರಸಂಗಿಯನ್ನು ಕರೆಸಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಈ ಆಸಾಮಿ ದೇವರು ಕೊಡದಿದ್ದರೂ ಕೊಟ್ಟಾಯಿತು ಎನ್ನುವವನು. ಗುಲಾಬಿ ಸೆಂಟು ಬೆರೆಸಿದ ಆ ಕೊಬ್ಬರಿ ಎಣ್ಣೆಯನ್ನು ಎಸ್ತರಳ ನೆತ್ತಿಗೆ ಸುರಿದ. ಅದು ಕಣ್ಣಿಗಿಳಿದು ಅವಳು ಉಜ್ಜಿಕೊಳ್ಳುತ್ತಿರುವಾಗಲೇ ಇಬ್ಬರು ಗಂಡಸರು ಕಂಕುಳಿಗೆ ಕೈಹಾಕಿ ಎತ್ತಿ, ವೇದಿಕೆಯ ಉದ್ದಕ್ಕೂ ನಡೆಸಿದರು. ನಡೆಸಿದರು ಎನ್ನಲು ನನಗೆ ಹೇಸಿಗೆ. ಅವಳ ಪಾದಗಳು ಒದ್ದೆ ಬಟ್ಟೆಯ ಹಾಗೆ ನೆಲ ಒರೆಸುತ್ತಿದ್ದವು. ಅದನ್ನು ಕಣ್ಣಾರೆ ನೋಡುತ್ತಲೇ ಜನ 'ಸ್ತೋತ್ರ, ಸ್ತೋತ್ರ' ಎಂದು ಚಪ್ಪಾಳೆ ತಟ್ಟಿದರು. ಪಾಸ್ಟರ್ ಅಮ್ಮನ ಕೈಗೆ ಮೈಕು ಕೊಟ್ಟು, "ಸಾಕ್ಷಿ ಹೇಳಮ್ಮ" ಎಂದರು. ಅಪ್ಪನ ಸಾವಿನಲ್ಲಿ ಅನ್ನ ತಂದಿಟ್ಟವರು, ಅಮ್ಮ ದುಡಿಯಲು ಹೋದಾಗ ಎಸ್ತರಳನ್ನು ನೋಡಿಕೊಳ್ಳುತ್ತಿದ್ದವರು, ಎಲ್ಲರೂ ಆ ಸಭೆಯವರೇ. ಅವರನ್ನು ಬಿಟ್ಟರೆ ನಮಗೆ ದಿಕ್ಕಿರಲಿಲ್ಲ. ಅಮ್ಮ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

"ನನ್ ಮಗಳು ನಡೀಲಿಲ್ಲ ಪಾಸ್ಟರೇ, ಇವರು ಎತ್ಕೊಂಡ್ರು. ಕರ್ತನ ಮುಂದೆ ಸುಳ್ಳು ಸಾಕ್ಷಿ ಹೇಳಕ್ಕಾಗಲ್ಲ. ಇವಳನ್ನ ನನಗೆ ಕೊಟ್ಟಿದಾನಲ್ಲ, ಅದಕ್ಕೆ ಸ್ತೋತ್ರ."

ಯಾರೂ ಸ್ತೋತ್ರ ಎನ್ನಲಿಲ್ಲ. "ನಿನಗೆ ನಂಬಿಕೆ ಸಾಲ್ದು" ಎಂದು ಪ್ರಸಂಗಿ ಮೈಕು ಕಿತ್ತುಕೊಂಡ.

ಮನೆಗೆ ಬಂದ ಮೇಲೆ ಎಸ್ತರ್ ಕಂಕುಳು ನೋಯುತ್ತಿದೆ ಎಂದಳು. ಅಂಗಿ ಸರಿಸಿ ನೋಡಿದರೆ ಬೆರಳುಗಳ ಗುರುತು ಕೆಂಪಗೆ ಕೂತಿತ್ತು. ಆಮೇಲೆ ಆ ಸಭೆಯವರು ಒಬ್ಬರೂ ನಮ್ಮ ಹೊಸಿಲು ತುಳಿಯಲಿಲ್ಲ. ಎಸ್ತರಳನ್ನು ನೋಡಿಕೊಳ್ಳುವವರಿಲ್ಲದೆ ಅಮ್ಮ ಗಾರ್ಮೆಂಟ್ಸ್ ಬಿಟ್ಟು, ಮನೆಯಲ್ಲೇ ರವಿಕೆಗಳಿಗೆ ಹುಕ್ಸ್ ಹೊಲಿಯತೊಡಗಿದಳು. ಒಂದೊಂದು ದಿನ ಒಲೆ ಹಚ್ಚುವುದೂ ಕಷ್ಟವಾಗುತ್ತಿತ್ತು. ಆದರೂ ಸಂಜೆ ಚಾಪೆ ಹಾಸಿ ಪ್ರಾರ್ಥನೆಗೆ ಕೂರುವುದನ್ನು ಮಾತ್ರ ಅವಳು ಬಿಡಲಿಲ್ಲ. ಅಪ್ಪನ ಹೆಸರಿನಿಂದ ಶುರುವಾದ ಪ್ರಾರ್ಥನೆ, "ಆ ಪ್ರಸಂಗಿ ಅಣ್ಣನ್ನೂ ಆಶೀರ್ವದಿಸು ತಂದೆ" ಎಂಬಲ್ಲಿ ಮುಗಿಯುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಆಮೆನ್ ಎನ್ನದೆ ತುಟಿ ಬಿಗಿದು ಕೂರುತ್ತಿದ್ದೆ. ಎಸ್ತರ್ ಓರೆಗಣ್ಣಿನಿಂದ ನೋಡಿ, ತನ್ನದೊಂದು ಆಮೆನ್ ಹೇಳಿ, "ಇದು ನಿಂದು" ಎಂದು ಇನ್ನೊಂದು ಹೇಳುತ್ತಿದ್ದಳು.

ಮೊದಲು ಎಸ್ತರ್ ತೀರಿಕೊಂಡಳು, ಆಮೇಲೆ ಅಮ್ಮ. ಮನೆಯಿದ್ದ ಜಾಗದಲ್ಲಿ ಈಗ ಗೋಡೌನ್ ಇದೆ. ಆ ಪ್ರಸಂಗಿಯ ಮುಖ ಫ್ಲೆಕ್ಸಿನಲ್ಲಿ ಕಂಡರೆ ನನಗೆ ಇಂದಿಗೂ ಉಗಿಯುವಷ್ಟು ಅಸಹ್ಯ. ಕೆಲವು ಸಂಜೆ ಅಮ್ಮನ ಪ್ರಾರ್ಥನೆ ತಾನಾಗಿ ಬಾಯಿಗೆ ಬರುತ್ತದೆ, ಅವನನ್ನು ಆಶೀರ್ವದಿಸುವ ಮಾತು ಬರುವಲ್ಲಿ ತುಟಿ ಬಿಗಿಯುತ್ತದೆ. ನನ್ನ ಆಮೆನ್ ಹೇಳಲು ಪಕ್ಕದಲ್ಲಿ ಎಸ್ತರ್ ಇಲ್ಲ.